ಮೈಕಣ್ಣನ ನಲವತ್ತು ಪದಗಳು

ನನ್ನ ಭಾವ ಯಾವ ಸಭಾಂಗಣಕ್ಕೆ ಕಾಲಿಟ್ಟರೂ ಮೊದಲು ವೇದಿಕೆಯ ಕಡೆ ನೋಡುವುದಿಲ್ಲ. ನೇರವಾಗಿ ಕೊನೆಯ ಸಾಲಿಗೆ ಹೋಗಿ, ಅಲ್ಲಿ ಎಲ್ಲಕ್ಕಿಂತ ಕೆಟ್ಟ ಕುರ್ಚಿ ಯಾವುದೆಂದು ಹುಡುಕುತ್ತಾರೆ. ಕಂಬದ ಮರೆಯದ್ದೋ, ಮೆಟ್ಟಿಲ ಕೆಳಗಿನದ್ದೋ, ಬಾಗಿಲು ತೆಗೆದಾಗಲೆಲ್ಲ ಬೆನ್ನಿಗೆ ಗಾಳಿ ಬಡಿಯುವಂಥದ್ದೋ ಇದ್ದೇ ಇರುತ್ತದೆ. ಅಲ್ಲಿ ಕೂತು ಒಂದೇ ಒಂದು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಆ ಚಪ್ಪಾಳೆ ಎಲ್ಲೆಲ್ಲಿ ಸುತ್ತಾಡಿ ಯಾವಾಗ ಸುಮ್ಮನಾಗುತ್ತದೆ ಎಂದು ಕೇಳುತ್ತಾರೆ.

"ಮುಂದೆ ಕೂತೋರಿಗೆ ನಾನು ಬೇಡಮ್ಮ," ಎನ್ನುತ್ತಾರೆ ನನಗೆ. "ಅವರಿಗೆ ದೇವರು ಕೊಟ್ಟ ಕಿವೀನೇ ಸಾಕು. ನನ್ನ ಕೆಲಸ ಶುರುವಾಗೋದು ಹಿಂದಿನ ಕುರ್ಚಿಯಿಂದ."

ಊರಿಗೆಲ್ಲ ಅವರು ಮೈಕಣ್ಣ. ನನಗೆ ಅಕ್ಕನ ಗಂಡ. ಅವರ ಮನೆಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಆ ಕಡೆ ಅವರು ಸ್ಪೀಕರ್ ರಿಪೇರಿ ಮಾಡುವಾಗ ಈ ಕಡೆ ನನ್ನ ಸೂಜಿಡಬ್ಬಿ ನಡುಗುತ್ತದೆ. ಇಪ್ಪತ್ತಾರು ವರ್ಷದಿಂದ ಹೀಗೇ ಇದ್ದೇವೆ.

ಅವರಿಗೆ ಈ ವಿದ್ಯೆಯನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ಹದಿನೇಳನೇ ವಯಸ್ಸಿಗೆ ರೇಡಿಯೊ ರಿಪೇರಿ ಅಂಗಡಿ ಸೇರಿದರು. ಸುಟ್ಟ ಆಂಪ್ಲಿಫೈಯರ್‌ಗಳನ್ನು ಬಿಚ್ಚಿ, ಅವು ಯಾಕೆ ಸುಟ್ಟವು ಎಂದು ನೋಡಿ ನೋಡಿ ಕಲಿತರು. ಆಮೇಲೆ ಮದುವೆ, ಭಾಷಣ, ಶಾಲೆಯ ನಾಟಕ ಎಂದು ಮೈಕು ಹೊತ್ತು ತಿರುಗಿದರು. ರಟ್ಟು ಕಿತ್ತುಹೋದ ಒಂದು ಪುಸ್ತಕವಿದೆ ಅವರ ಹತ್ತಿರ. ಗೋಡೆ, ಬಟ್ಟೆ, ಮರ, ಮನುಷ್ಯ, ಇವುಗಳಲ್ಲಿ ಯಾವುದು ಎಷ್ಟು ಸದ್ದನ್ನು ಹೀರಿಕೊಳ್ಳುತ್ತದೆ ಎಂಬ ಪಟ್ಟಿಗಳು ಅದರಲ್ಲಿವೆ. ನಾವು ಪ್ರಾರ್ಥನೆಯ ಪುಸ್ತಕ ಇಟ್ಟುಕೊಳ್ಳುವ ಹಾಗೆ ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ವೈರನ್ನು ಯಾರಾದರೂ ತುಳಿದರೆ ಅವರಿಗೆ ತಮ್ಮ ಕಾಲನ್ನೇ ತುಳಿದ ಹಾಗೆ. "ಅಯ್ಯೋ, ಅದರೊಳಗೆ ಯಾರದೋ ಮಾತು ಹೋಗ್ತಾ ಇದೆ ಕಣ್ರೀ!" ಎಂದು ಓಡಿಬರುತ್ತಾರೆ.

ಇಂಥ ಮನುಷ್ಯ ತಮ್ಮ ಜೀವನದಲ್ಲಿ ಒಂದೇ ಒಂದು ಸಲ ಕೊನೆಯ ಕುರ್ಚಿಯಲ್ಲಿ ಕೂರುವುದನ್ನು ಮರೆತರು. ನಾನು ಬರೆಯಬೇಕೆಂದಿರುವುದು ಆ ಒಂದು ಸಲದ ಬಗ್ಗೆ.

ನಮ್ಮ ಪ್ರಾರ್ಥನಾ ಮಂದಿರ ಮೊದಲು ತಗ್ಗು ಚಾವಣಿಯ ಹಂಚಿನ ಮನೆಯಲ್ಲಿತ್ತು. ಎಂಬತ್ತು ಜನ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದೆವು. ಅಲ್ಲಿ ಉಪದೇಶ ಮಾಡುವ ಹಿರಿಯರಿಗೆ ಮೈಕೇ ಬೇಕಿರಲಿಲ್ಲ. ಜನ ಹೆಚ್ಚಾದರು, ಹೊಸ ಕಟ್ಟಡ ಎದ್ದಿತು. ಕನ್ನಡಿಯಂಥ ಕಲ್ಲಿನ ನೆಲ, ಕಮಾನಿನ ಎತ್ತರದ ಚಾವಣಿ, ಹಿಂದಿನ ಸಾಲುಗಳ ಮೇಲೊಂದು ಬಾಲ್ಕನಿ. ಒಳಗೆ ಹೋದವರು "ಆಹಾ" ಎಂದರೆ ಚಾವಣಿಯೂ "ಆಹಾ" ಎನ್ನುತ್ತಿತ್ತು.

ಸೌಂಡಿನ ಕೆಲಸ ಭಾವನದೇ ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ಹಿರಿಯರು ಕೇಳಿದ್ದು ಒಂದೇ: "ಎಲ್ಲರಿಗೂ ಕಿವಿ ತುಂಬ ಕೇಳಬೇಕಪ್ಪ." ಭಾವ ಎರಡೂ ಗೋಡೆಗೆ ನಾಲ್ಕು ನಾಲ್ಕರಂತೆ ಎಂಟು ದೊಡ್ಡ ಸ್ಪೀಕರ್ ಬಾಕ್ಸ್ ಏರಿಸಿದರು. ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಮುಂದಿನ ಸಾಲಿನಲ್ಲಿ ನಿಂತು ಹಲೋ ಹಲೋ ಎಂದು ಕೇಳಿದರು, ಸರಿ ಎನಿಸಿತು, ಇಳಿದು ಬಂದರು. ಬೇರೆ ಊರಿನ ಕೆಲಸವಾಗಿದ್ದರೆ ಎಲ್ಲ ಕುರ್ಚಿಯಲ್ಲೂ ಕೂತು ನೋಡುತ್ತಿದ್ದರು. ಸ್ವಂತ ಮನೆಯದಲ್ಲವೇ ಎಂದುಕೊಂಡರು. ನಾನೂ ಗಿರಾಕಿಗಳ ಬಟ್ಟೆಗೆ ಮೂರು ಸಲ ಟೇಪು ಹಿಡಿಯುತ್ತೇನೆ, ನನ್ನ ರವಿಕೆಯನ್ನು ಮಾತ್ರ ಕಣ್ಣಳತೆಯಲ್ಲಿ ಕತ್ತರಿಸಿ ಕೆಡಿಸುತ್ತೇನೆ.

ಮೊದಲ ವಾರ ಪ್ರಾರ್ಥನೆ ಮುಗಿದಾಗ ಅಂಗಳದಲ್ಲಿ ಎಲ್ಲರೂ ಭಾವನ ಬೆನ್ನು ತಟ್ಟಿದರು. "ಏನ್ ಸೌಂಡು ಮೈಕಣ್ಣ! ಎದೆ ಗುದ್ದಿದ ಹಾಗಿತ್ತು!" ಅಷ್ಟರಲ್ಲಿ ಅಕ್ಕ ಬಂದಳು. ಅವಳು ಹಳೆಯ ಮಂದಿರದಲ್ಲೂ ಕೊನೆಯ ಸಾಲಿನವಳೇ, ಹೊಸದರಲ್ಲೂ ಕೊನೆಯ ಸಾಲಿನ ಕಂಬದ ಪಕ್ಕವೇ ಕೂತಿದ್ದಳು. ಬಂದವಳು ಮೆಲ್ಲಗೆ ಹೇಳಿದಳು: "ರೀ, ಸದ್ದೇನೋ ತುಂಬಾ ಬಂತು. ಮಾತು ಮಾತ್ರ ಒಂದೂ ತಿಳೀಲಿಲ್ಲ."

ಹೊಗಳಿಕೆ ಇನ್ನೂ ಬಿಸಿಯಾಗಿದ್ದಾಗಲೇ ತಣ್ಣೀರು ಬಿದ್ದಂತಾಯಿತು. ಭಾವ ನಕ್ಕುಬಿಟ್ಟರು. "ನೋಡ್ರಪ್ಪ, ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇದೇ. ಮೈಕಣ್ಣನ ಹೆಂಡ್ತಿಗೇ ಕಿವಿ ಕೇಳಲ್ಲ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನಗೂ ನಗು ಬಂತು, ಅದನ್ನು ಇವತ್ತಿಗೂ ಮರೆತಿಲ್ಲ.

ಮುಂದಿನ ವಾರ ಅಕ್ಕನಿಗೆ ಮಂಡಿನೋವು. ಅದರ ಮುಂದಿನ ವಾರ ತಲೆನೋವು. ಆಮೇಲೆ ನೆಪ ಹೇಳುವುದನ್ನೂ ಬಿಟ್ಟಳು. ನಾವು ಹೊರಡುವ ಹೊತ್ತಿಗೆ ಸರಿಯಾಗಿ ಒಲೆ ಮುಂದೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲೂ ಮಾತು ಕಡಿಮೆಯಾಯಿತು. ಯಾರು ಏನೇ ಹೇಳಲಿ "ಏನಂದ್ರಿ?" ಎಂದು ಇನ್ನೊಮ್ಮೆ ಕೇಳುತ್ತಿದ್ದಳು. ಫೋನು ಬಂದರೆ ನನ್ನ ಕೈಗೆ ಕೊಡುತ್ತಿದ್ದಳು. ಹೀಗೆ ಏಳೆಂಟು ತಿಂಗಳು ಕಳೆಯಿತು. ನಾನು ಅವಳಿಗಾಗಿ ಬೇಡಿಕೊಳ್ಳುತ್ತಿದ್ದೆ. ಭಾವ ಮಾತ್ರ ವಯಸ್ಸಾಯಿತು, ಕಿವಿ ಸೋತಿದೆ ಎಂದೇ ನಂಬಿದ್ದರು. ಅವಳ ಹತ್ತಿರ ಹೋಗಿ ಗಟ್ಟಿಯಾಗಿ ಮಾತಾಡುತ್ತಿದ್ದರು, ಅದೂ ಪ್ರೀತಿಯಿಂದಲೇ. ಅವರು ಗಟ್ಟಿಯಾಗಿ ಮಾತಾಡಿದಷ್ಟೂ ಅವಳು ಸಣ್ಣಗಾಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಒಳಗಿನ ಕೋಣೆಯಲ್ಲಿ ಭಾವ ಮೇಜಿನ ಕೆಳಗೆ ತಲೆ ಹಾಕಿ "ಥೂ, ಆ ಸಣ್ಣ ಸ್ಕ್ರೂಡ್ರೈವರ್ ಎಲ್ಲಿ ಹೋಯ್ತೋ" ಎಂದು ತಮ್ಮಷ್ಟಕ್ಕೇ ಗೊಣಗಿದರು.

"ಕನ್ನಡಕದ ಡಬ್ಬೀಲಿ ಇಟ್ಟಿದ್ದೀರಿ ನೋಡಿ," ಎಂದಿತು ಹಿತ್ತಿಲಿನಿಂದ ಅಕ್ಕನ ದನಿ.

ಭಾವ ಮೇಜಿನ ಕೆಳಗೇ ಕೂತುಬಿಟ್ಟರಂತೆ. ಅಂದೇ ಅವಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಪಿಸುಸದ್ದುಗಳನ್ನು ಕೇಳಿಸಿದರು. ಅಕ್ಕ ಒಂದೊಂದಕ್ಕೂ ಶಾಲೆಯ ಹುಡುಗಿಯ ಹಾಗೆ ಬೆರಳೆತ್ತಿದಳು. ಡಾಕ್ಟರಮ್ಮ ಗೆರೆ ಎಳೆದ ಕಾಗದ ಹಿಡಿದು ಬಂದು, "ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೇ ಕಿವಿ ಅಪರೂಪ. ಯಜಮಾನರದೂ ಒಂದ್ಸಲ ನೋಡಿಬಿಡೋಣವಾ?" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಸಂತೋಷಪಡಬಹುದೆಂದು ನಾನು ಕಾದೆ. ಅವಳು ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಆಮೇಲೆ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಎಲ್ಲಾ ಕೇಳುತ್ತೆ. ಮಂದಿರದ ಮಾತೊಂದೇ ಕೇಳಲ್ಲ. ಹಾಗಾದ್ರೆ ಕಿವಿ ಸರಿಯಾಗಿದೆ, ಕೊರತೆ ನನ್ನೊಳಗೇ ಇದೆ ಅಂತಾಯ್ತಲ್ಲೇ. ಆ ದೇವರಿಗೇ ನಾನು ಬೇಡವಾದೆನೇನೋ."

ಮುಂದಿನ ಸೀಟಿನಲ್ಲಿದ್ದ ಭಾವನಿಗೂ ಅದು ಕೇಳಿಸಿತು. ಅವರ ಕಿವಿಗೂ ಏನೂ ಆಗಿರಲಿಲ್ಲ.

ಮನೆಗೆ ಬಂದವರು ಊಟಕ್ಕೂ ಕೂರದೆ ಮಂದಿರದ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಮಂದಿರ ಖಾಲಿಯಿತ್ತು. ಅವರು ಕೊನೆಯ ಸಾಲಿಗೆ ಹೋಗಿ ಅಕ್ಕ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆ ಸದ್ದು ಚಾವಣಿಗೆ ಹೋಯಿತು, ಎದುರು ಗೋಡೆಗೆ ಹೋಯಿತು, ನೆಲಕ್ಕೆ ಬಿತ್ತು, ಮತ್ತೆ ಎದ್ದಿತು. ನಾನು ಮನಸ್ಸಿನಲ್ಲೇ ನಾಲ್ಕು ಎಣಿಸಿದೆ, ಅದಿನ್ನೂ ಸತ್ತಿರಲಿಲ್ಲ.

"ಅವಳ ಕಿವಿಗೆ ಎಂಟು ಬಾಗಿಲು ಹಾಕಿ, ಕೇಳಲ್ವಾ ಅಂತ ನಕ್ಕೆನಲ್ಲಮ್ಮ," ಎಂದರು ಭಾವ.

ಗೋಡೆ ನೋಡಿಕೊಂಡೇ ಅವರು ನನಗೆ ವಿವರಿಸಿದರು. ಅ, ಆ, ಓ ಇವೆಲ್ಲ ದಪ್ಪ ಹೊಟ್ಟೆಯ ಅಕ್ಷರಗಳು, ಎಲ್ಲಿಗೆ ಬೇಕಾದರೂ ಉರುಳಿಕೊಂಡು ಹೋಗುತ್ತವೆ. ಕ, ತ, ಪ, ಸ ಇವು ಬಡಪಾಯಿಗಳು, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ಹಿಂದಿನ ಮಾತಿನ ಬಾಲ ಇನ್ನೂ ಹಾಲ್ ತುಂಬ ಎಳೆದಾಡುತ್ತಿದ್ದರೆ ಈ ಸಣ್ಣವು ಅದರಡಿ ಸಿಕ್ಕಿ ಸಾಯುತ್ತವೆ. ಜೋರು ಮಾಡಿದರೆ ಬಾಲವೂ ಜೋರಾಗುತ್ತದೆ. ಬಾಕ್ಸ್ ಹೆಚ್ಚಿಸಿದಷ್ಟೂ ಬಾಲ ಹೆಚ್ಚು.

"ಆದರೆ ಭಾವ, ಹಿಂದೆ ಕೂತ ಬೇರೆಯವರೆಲ್ಲ ಚೆನ್ನಾಗಿದೆ ಅಂತಾರಲ್ಲ?" ಎಂದೆ.

"ಅದನ್ನೇ ನೋಡ್ಬೇಕು," ಎಂದರು.

ಅವರ ಹರಕು ಪುಸ್ತಕದಲ್ಲಿ ಒಂದು ಪರೀಕ್ಷೆಯಿತ್ತು. ಒಂದೇ ಪ್ರಾಸದ ಪದಗಳನ್ನು ಓದುವುದು, ಕೇಳಿದವರು ಕೇಳಿದ್ದನ್ನೇ ಬರೆಯುವುದು. ಅದು ಬೇರೆ ಭಾಷೆಯದು, ನಮಗೆ ಹೊಂದುತ್ತಿರಲಿಲ್ಲ. ಭಾವ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ನಮ್ಮದೇ ಪಟ್ಟಿ ಕಟ್ಟಿದರು. ಹಾಲು, ಕಾಲು, ಸಾಲು, ಪಾಲು. ಮರ, ಸರ, ಬರ. ಬಟ್ಟೆ, ತಟ್ಟೆ, ರಟ್ಟೆ. ಹೀಗೆ ನಲವತ್ತು. ಅವರ ಅಕ್ಷರ ಕೋಳಿ ಕಾಲಿನದು, ಅದಕ್ಕೆ ನಾನೇ ಪಟ್ಟಿಯನ್ನು ದುಂಡಗೆ ನಕಲು ಮಾಡಿಕೊಟ್ಟೆ.

ಹಿರಿಯರು ದೊಡ್ಡ ಮನಸ್ಸಿನವರು. ಆ ವಾರ ಪ್ರಾರ್ಥನೆ ಮುಗಿದ ಮೇಲೆ ತಾವೇ ಮೈಕಿನ ಮುಂದೆ ನಿಂತು ಪದಗಳನ್ನು ಓದಿದರು. ಎಲ್ಲರ ಕೈಗೂ ಚೀಟಿ, ಪೆನ್ಸಿಲ್ಲು. ಜನ ಕೂತಿರುವಾಗಲೇ ಆಗಬೇಕೆಂದು ಭಾವ ಹಟ ಹಿಡಿದಿದ್ದರು. ಮನುಷ್ಯರೇ ಸದ್ದು ಹೀರುವ ಒಳ್ಳೆಯ ಹತ್ತಿಮೂಟೆಗಳಂತೆ, ಅವರಿಲ್ಲದ ಹಾಲ್ ಬೇರೆಯೇ ಹಾಲ್ ಅಂತೆ.

ಚೀಟಿಗಳನ್ನು ಹರಡಿಕೊಂಡು ನೋಡಿದರೆ, ಮುಂದಿನ ಮೂರು ಸಾಲಿನವರು ಹೆಚ್ಚುಕಡಿಮೆ ಎಲ್ಲ ಸರಿ ಬರೆದಿದ್ದರು. ನಡುವಿನವರು ಅರ್ಧ. ಬಾಲ್ಕನಿಯ ಕೆಳಗಿನವರದು ದೇವರಿಗೇ ಪ್ರೀತಿ. ಒಬ್ಬರು 'ರಟ್ಟೆ'ಗೆ 'ಹೊಟ್ಟೆ' ಬರೆದಿದ್ದರು. ಇನ್ನೊಬ್ಬರು ನಲವತ್ತಕ್ಕೂ 'ಆಮೆನ್ ಅಂದ್ರೋ ಏನೋ' ಎಂದು ಒಂದೇ ಸಾಲು ಬರೆದು ಮುಗಿಸಿದ್ದರು. ಅಂದರೆ ಹಿಂದೆ ಕೂತವರಲ್ಲಿ ಯಾರಿಗೂ ಮಾತು ಕೇಳುತ್ತಿರಲಿಲ್ಲ. ಪಕ್ಕದವರು ತಲೆಯಾಡಿಸುತ್ತಿದ್ದರು, ಅದಕ್ಕೆ ಇವರೂ ತಲೆಯಾಡಿಸುತ್ತಿದ್ದರು.

ಕೊನೆಯ ಸಾಲಿನಲ್ಲಿ ಕೂರುವ ನಿವೃತ್ತ ನರ್ಸಮ್ಮನನ್ನು ಭಾವ ಕೇಳಿದರು: "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನರ್ಸಮ್ಮ?"

"ನಂಗೆ ಚೆನ್ನಾಗೇ ಕೇಳ್ತಿತ್ತಲ್ಲಪ್ಪ," ಎಂದರು ನರ್ಸಮ್ಮ. "ಪ್ರತಿ ವಾರ ಹೇಳ್ತಾರಲ್ಲ, ಮನೆ ತೊಳೀರಿ, ಮನೆ ತೊಳೀರಿ ಅಂತ. ತೊಳೀತಾನೇ ಇದ್ದೀನಿ."

ಹಿರಿಯರ ಮುಖ ನೋಡಬೇಕಿತ್ತು. "ಅಮ್ಮಾ, ಅದು ಮನ! ಮನವನ್ನು ತೊಳೆಯಿರಿ!"

"ಹೌದಾ?" ಎಂದರು ನರ್ಸಮ್ಮ. "ಏಳು ತಿಂಗಳಿಂದ ನೀರು ಹಾಕಿ ಹಾಕಿ ಸೊಂಟ ಬಿದ್ದುಹೋಯ್ತಲ್ಲ ಸ್ವಾಮಿ!"

ಎಲ್ಲರೂ ನಕ್ಕ ಮೇಲೆ ಭಾವ ಎದ್ದು ನಿಂತು, ಇದು ತಮ್ಮದೇ ತಪ್ಪೆಂದು ಹಿರಿಯರಿಗೆ ಹೇಳಿದರು. ಹಾಗಾದರೆ ಇನ್ನೆರಡು ಬಾಕ್ಸ್ ಹಾಕಬಹುದಲ್ಲ ಎಂದರು ಹಿರಿಯರು. "ಇಲ್ಲ ಸ್ವಾಮಿ, ಇರೋ ಎಂಟನ್ನೂ ಇಳಿಸ್ತೀನಿ," ಎಂದರು ಭಾವ.

ಮೂರು ವಾರ ಕೆಲಸ ನಡೆಯಿತು. ಎಂಟು ದೊಡ್ಡ ಬಾಕ್ಸ್ ಇಳಿದವು. ವೇದಿಕೆಯ ಎರಡೂ ಪಕ್ಕದಲ್ಲಿ ಕಂಬದ ಹಾಗೆ ಸಪೂರವಾದ, ಆಳೆತ್ತರದ ಎರಡು ಬಾಕ್ಸ್ ನಿಂತವು. ಅವು ಸದ್ದನ್ನು ಅಗಲಕ್ಕೆ ಹರಡುತ್ತವೆ, ಮೇಲಕ್ಕೆ ಕೆಳಕ್ಕೆ ಚೆಲ್ಲುವುದಿಲ್ಲ. ಭಾವ ಅವುಗಳ ಮುಖವನ್ನು ಜನರ ತಲೆಯ ಕಡೆ ತಗ್ಗಿಸಿದರು. "ಚಾವಣಿ ಯಾವತ್ತಾದ್ರೂ ಪ್ರಾರ್ಥನೆಗೆ ಬಂದಿದೆಯಾ? ಅದಕ್ಕ್ಯಾಕೆ ಉಪದೇಶ?" ಎಂದು ಒಬ್ಬರೇ ಮಾತಾಡುತ್ತಿದ್ದರು. ಬಾಲ್ಕನಿಯ ಕೆಳಗೆ ಅಂಗೈಯಗಲದ ನಾಲ್ಕು ಪುಟ್ಟ ಬಾಕ್ಸ್‌ಗಳನ್ನು ಕೂರಿಸಿದರು, ಆ ಕತ್ತಲೆ ಸಾಲುಗಳಿಗೆಂದೇ.

ಸದ್ದು ಹೀರಿಕೊಳ್ಳಲೆಂದು ಹಿಂದಿನ ಗೋಡೆಗೆ ಪರದೆ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ದಪ್ಪ ಬಟ್ಟೆ, ಗೋಡೆಯ ಅಗಲದ ಎರಡರಷ್ಟು, ನೆರಿಗೆ ತುಂಬ ಇರಬೇಕು, ಗೋಡೆಗೆ ಅಂಟದೆ ಒಂದು ಗೇಣು ಬಿಟ್ಟು ತೂಗಬೇಕು ಎಂದರು. "ನೆರಿಗೆ ಕಮ್ಮಿ ಮಾಡಿದ್ರೆ ನಿನ್ನ ಮೇಲೆ ಕೇಸ್ ಹಾಕ್ತೀನಿ," ಎಂದರು. ಹೊಲಿಯುವಾಗ ಒಂದೊಂದು ನೆರಿಗೆಗೂ ನಾನು ಅಕ್ಕನ ಹೆಸರು ಹೇಳಿಕೊಂಡೆ. ದೇವರಿಗೆ ಮೈಕೂ ಬೇಡ, ಪರದೆಯೂ ಬೇಡ. ಬೇಕಾದದ್ದು ನಮಗೆ.

ಮನೆಯಲ್ಲಿ ಅಕ್ಕ ಈ ಗದ್ದಲವನ್ನೆಲ್ಲ ದೂರದಿಂದಲೇ ನೋಡುತ್ತಿದ್ದಳು. ಒಂದು ಸಂಜೆ ಭಾವ ಅವಳೆದುರಿಗೆ ಕೂತು ಪುಟ್ಟದೊಂದು ಪೆಟ್ಟಿಗೆಯ ಗುಂಡಿ ತಿರುಗಿಸುತ್ತಿದ್ದರು. ಅದೇನೆಂದು ಅವಳೇ ಕೇಳಿದಳು, ತಿಂಗಳುಗಳ ನಂತರ.

"ಇದು ತಡೆಯೋ ಪೆಟ್ಟಿಗೆ," ಎಂದರು ಭಾವ, ಗಟ್ಟಿಯಾಗಿ ಅಲ್ಲ, ಎಂದಿನ ದನಿಯಲ್ಲಿ. "ಹಿರಿಯರ ಮಾತು ಗಾಳೀಲಿ ನಡ್ಕೊಂಡು ಬರುತ್ತೆ. ಇಪ್ಪತ್ತೆಂಟು ಮೀಟರ್ ನಡೀಬೇಕು ಕೊನೇ ಸಾಲಿಗೆ. ಅದೇ ಮಾತು ವೈರಲ್ಲಿ ಓಡ್ಕೊಂಡು ಬಂದು ಹಿಂದಿನ ಬಾಕ್ಸಲ್ಲಿ ಮೊದಲೇ ಬಾಯಿ ಬಿಡುತ್ತೆ. ಒಂದೇ ಮಾತು ಎರಡು ಸಲ ಕೇಳಿದ್ರೆ ತಲೆ ಕೆಡಲ್ವಾ? ಅದಕ್ಕೆ ಓಡೋನನ್ನ ಬಾಗಿಲಲ್ಲಿ ಸ್ವಲ್ಪ ನಿಲ್ಲಿಸಿ, ನಡೆಯೋನು ಬಂದ ಮೇಲೆ ಒಳಗೆ ಬಿಡೋದು."

"ಎಷ್ಟು ಹೊತ್ತು ನಿಲ್ಲಿಸ್ತೀರಿ?"

"ಸೆಕೆಂಡಿನ ಹನ್ನೆರಡರಲ್ಲಿ ಒಂದು ಪಾಲು."

"ಅಷ್ಟೇನಾ?" ಎಂದಳು ಅಕ್ಕ. "ಅಷ್ಟು ತಾಳ್ಮೆ ಎಲ್ಲರಿಗೂ ಇರಬೇಕಿತ್ತು. ಮಾತು ಬಾಯಿಂದ ಬೀಳೋಕೆ ಮುಂಚೆ."

ಭಾವ ಗುಂಡಿಯಿಂದ ಕೈ ತೆಗೆದರು. "ಈ ವಾರ ಪರೀಕ್ಷೆ ಇದೆ. ಕೊನೇ ಸಾಲಿಗೆ ಒಂದು ಕಿವಿ ಕಮ್ಮಿ ಬಿದ್ದಿದೆ," ಎಂದರು.

"ಊರಲ್ಲಿ ಬೇರೆ ಕಿವಿ ಇಲ್ವಾ?"

"ಇವೆ. ಆ ಕುರ್ಚಿ ನಿಂದು."

"ಮತ್ತೆ ಕೇಳದೆ ಹೋದ್ರೆ?"

"ಕೇಳದೆ ಹೋದ್ರೆ ಮತ್ತೆ ಎಲ್ಲಾ ಇಳಿಸ್ತೀನಿ. ನೀನು ಕೇಳಿಸ್ತು ಅನ್ನೋವರೆಗೂ ಏರಿಸ್ತಾ ಇಳಿಸ್ತಾ ಇರ್ತೀನಿ."

ಅಕ್ಕ ಎದ್ದು ಒಳಗೆ ಹೋದಳು. ಹೋಗುವಾಗ, "ಕೆಲಸಕ್ಕೆ ಬರ್ತೀನಿ. ಪ್ರಾರ್ಥನೆಗೆ ಅಂತ ತಿಳ್ಕೋಬೇಡಿ," ಎಂದಳು.

ಬಂದಳು. ಕಂಬದ ಪಕ್ಕದ ಅದೇ ಕುರ್ಚಿ. ನಾನು ಎರಡು ಕುರ್ಚಿ ಬಿಟ್ಟು ಕೂತೆ. ಅವಳು ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ಲು ಹಿಡಿದಳು. ಹಿರಿಯರು ಪಟ್ಟಿಯನ್ನು ಭಾವನ ಕೈಗೇ ಕೊಟ್ಟು, "ಈ ಸಲ ನೀನೇ ಓದಪ್ಪ, ಪರೀಕ್ಷೆ ನಿಂದು," ಎಂದುಬಿಟ್ಟರು.

ಮೂವತ್ತು ವರ್ಷ ಮೈಕಿನ ಜೊತೆ ಬಾಳಿದ ಮನುಷ್ಯ ಅದರೊಳಗೆ "ಹಲೋ ಹಲೋ, ಒಂದು ಎರಡು ಮೂರು" ಬಿಟ್ಟು ಬೇರೇನೂ ಹೇಳಿದವರಲ್ಲ. ಹಣೆ ಒರೆಸಿಕೊಂಡು ಶುರು ಮಾಡಿದರು. ಹಾಲು. ಸರ. ತಟ್ಟೆ. ಪದಗಳು ಒಂದೊಂದಾಗಿ ಬಂದವು, ಎದೆಗೆ ಗುದ್ದಲಿಲ್ಲ. ಎದುರು ಬೆಂಚಿನಲ್ಲಿ ಕೂತು ಯಾರೋ ನಿಧಾನವಾಗಿ ಹೇಳುತ್ತಿರುವಂತಿತ್ತು. ತಲೆಯ ಮೇಲೆ ಬಾಕ್ಸ್ ಇರುವುದೇ ಮರೆತುಹೋಯಿತು. ನಾನು ಓರೆಗಣ್ಣಿನಲ್ಲಿ ನೋಡಿದೆ. ಅಕ್ಕ ಬರೆಯುತ್ತಿದ್ದಳು, ನಿಲ್ಲದೆ.

ಮೂವತ್ತೊಂಬತ್ತಾಯಿತು. ಪಟ್ಟಿ ನಕಲು ಮಾಡಿದವಳು ನಾನು. ನಲವತ್ತನೆಯ ಪದ 'ಕಪ್ಪು' ಎಂದು ನನಗೆ ಬಾಯಿಪಾಠವಾಗಿತ್ತು. ಭಾವ ಕಾಗದವನ್ನು ಮಡಿಸಿದರು. ಕೊನೆಯ ಸಾಲಿನ ಕಡೆ ನೋಡಿದರು. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟೇ ಮೆಲ್ಲಗೆ ಹೇಳಿದರು:

"ತಪ್ಪು."

ಆಮೇಲೆ ಕೆಳಗಿಳಿದು ಬಂದರು. ಅಕ್ಕನ ಪೆನ್ಸಿಲ್ಲು ಗಾಳಿಯಲ್ಲೇ ನಿಂತಿತ್ತು. ಕಡೆಗೆ ಅವಳೂ ಬರೆದು ಚೀಟಿ ಮಡಿಸಿದಳು.

ಜನ ಅಂಗಳಕ್ಕೆ ಹೋದ ಮೇಲೆ ಭಾವ ಮೊದಲ ಬೆಂಚಿನ ಮೇಲೆ ಚೀಟಿಗಳನ್ನು ಹರಡಿಕೊಂಡರು. ಬಾಲ್ಕನಿಯ ಕೆಳಗಿನವರೂ ಮೂವತ್ತಾರು, ಮೂವತ್ತೆಂಟು ಸರಿ ಬರೆದಿದ್ದರು. ನರ್ಸಮ್ಮ ಪೂರ್ತಿ ನಲವತ್ತು. ಕೊನೆಯ ಪದವನ್ನಂತೂ ಎಲ್ಲರೂ 'ತಪ್ಪು' ಎಂದೇ ಸರಿಯಾಗಿ ಬರೆದಿದ್ದರು. ಅಕ್ಕನ ಚೀಟಿಯನ್ನು ಅವರು ಕಡೆಗೆ ಉಳಿಸಿಕೊಂಡಿದ್ದರು. ಬೆರಳಿಟ್ಟು ಒಂದೊಂದೇ ನೋಡಿದರು. ಮೂವತ್ತೊಂಬತ್ತೂ ಸರಿ. ನಲವತ್ತನೆಯದರ ಹತ್ತಿರ ಬೆರಳು ನಿಂತಿತು. ಅಲ್ಲಿ ದುಂಡಗೆ ಬರೆದಿತ್ತು: 'ಒಪ್ಪು.'

ಭಾವನ ಮುಖ ಬಾಡಿತು. "ತ ಹೋಗಿದೆ," ಎಂದರು ನನಗೆ. "ನೋಡಮ್ಮ, ಅವಳ ಕುರ್ಚಿಗೆ ಒಂದಕ್ಕೇ 'ತ' ಮುಟ್ಟಿಲ್ಲ. ಆ ಕಂಬ ಅಡ್ಡ ಬರ್ತಿದೆ. ಬಾಕ್ಸ್ ಒಂದು ಬೆರಳು ಈ ಕಡೆ ತಿರುಗಬೇಕು." ನಾನು ಬಾಯಿ ತೆರೆಯುವ ಮೊದಲೇ ಏಣಿ ಎಳೆದುಕೊಂಡು ಹೋಗಿ, ಬಾಲ್ಕನಿಯ ಕೆಳಗೆ ಆನಿಸಿ, ಹತ್ತಿಯೂ ಬಿಟ್ಟರು.

ಅಕ್ಕ ಇನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದಳು, ಕೈ ಮುಗಿದುಕೊಂಡು. ಏಣಿಯ ಸದ್ದಿಗೆ ಕಣ್ಣು ಬಿಟ್ಟು ಮೇಲೆ ನೋಡಿದಳು.

"ರೀ, ಏನ್ಮಾಡ್ತಾ ಇದ್ದೀರಿ ಅಲ್ಲಿ?"

"ಒಂದು ನಿಮಿಷ ಇರೇ. ನಿಂಗೆ ಒಂದು ಪದ ತಪ್ಪಿ ಹೋಗಿದೆ, ಅದನ್ನ ಸರಿ ಮಾಡ್ತೀನಿ."

"ಇಳೀರಿ ಕೆಳಗೆ."

"ಇಲ್ವೇ, ನಾನು ಹೇಳಿದ್ದು ಬೇರೆ, ನೀನು ಬರೆದಿದ್ದು..."

"ನೀವು ಹೇಳಿದ್ದು ಸರಿಯಾಗೇ ಕೇಳಿಸ್ತು," ಎಂದಳು ಅಕ್ಕ. "ಬರೆದಿದ್ದು ನಾನು. ಇಳೀರಿ."

ಭಾವ ಏಣಿಯ ಮೇಲೆ ಹಾಗೇ ನಿಂತರು, ಒಂದು ಕೈ ಬಾಕ್ಸಿನ ಮೇಲೆ. ಅರ್ಥವಾಗಲು ಅವರಿಗೆ ಸೆಕೆಂಡಿನ ಹನ್ನೆರಡನೇ ಪಾಲಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ನಾನು ಪರದೆಯ ನೆರಿಗೆ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಬಾಕ್ಸನ್ನು ಅವರು ತಿರುಗಿಸಲಿಲ್ಲ. ಇವತ್ತಿಗೂ ಅದು ಅದೇ ಕೋನದಲ್ಲಿದೆ. ಉಳಿದ ಚೀಟಿಗಳಿಗೆಲ್ಲ ಅವರು ಕೆಂಪು ಪೆನ್ಸಿಲಿನಲ್ಲಿ ಅಂಕ ಹಾಕಿ ದಾರ ಕಟ್ಟಿ ಕಪಾಟಿನಲ್ಲಿಟ್ಟರು. ಅಕ್ಕನದಕ್ಕೆ ಅಂಕ ಹಾಕಲಿಲ್ಲ. ಅದು ಆ ಹರಕು ಪುಸ್ತಕದೊಳಗಿದೆ, ಯಾವುದು ಎಷ್ಟು ಹೀರಿಕೊಳ್ಳುತ್ತದೆ ಎಂಬ ಪಟ್ಟಿಯಲ್ಲಿ 'ಮನುಷ್ಯ' ಎಂದಿರುವ ಪುಟದಲ್ಲಿ.